ದುಡಿಮೆಯ ಅಳತೆ

(ಶತಮಾನೋತ್ಸವದ ಅಂಗವಾಗಿ ಜರಗಿದ ಪೂರ್ವ ವಿದ್ಯಾರ್ಥಿ ಸಮಾವೇಶದಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ನೀಡಿದ ಉಪನ್ಯಾಸದ ಪಠ್ಯ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ನಿಂತು ಮಾತನಾಡುವ ಅವಕಾಶ ದೊರೆತಾಗ ಕನ್ನಡದ ಬಗೆಗೋ, ಶಾಲೆಯ ಇತಿಹಾಸದ ಬಗೆಗೋ ಮಾತನಾಡುವುದು ವಾಡಿಕೆ. ಆದರೆ ಪೂರ್ವ ವಿದ್ಯಾರ್ಥಿ ಸಂಘದವರು ನಮಗೆ ವಹಿಸಿದ ವಿಷಯ ಬೇರೆಯೇ ಆಗಿದೆ: ಒಂದು ಕಂಪೆನಿಯ ನೌಕರರು ಎಷ್ಟು ಚೆನ್ನಾಗಿ ದುಡಿಯುತ್ತಿದ್ದಾರೆ ಎಂಬುದನ್ನು ಅಳೆಯುವುದು ಹೇಗೆ? ಸಮಾವೇಶದ ಸಿದ್ಧತಾ ಸಭೆಯಲ್ಲಿ ಇದು ಚರ್ಚೆಗೆ ಬಂದಾಗ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಒಂದು ಮಾತು ಹೇಳಿದರು. ವರ್ಷಕ್ಕೊಮ್ಮೆ ಬರುವ ಮೌಲ್ಯಮಾಪನದ ತಿಂಗಳಲ್ಲಿ ತಮ್ಮ ಕಚೇರಿಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರುವುದಿಲ್ಲ. ಅಂಕ ಪಡೆಯುವವರಿಗೂ ಇಲ್ಲ, ಅಂಕ ಕೊಡುವವರಿಗೂ ಇಲ್ಲ ಎಂದರು. ಮಂಗಳೂರು, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿರುವ ನಿಮ್ಮಲ್ಲಿ ಅನೇಕರು ಆಗ ತಲೆದೂಗಿದಿರಿ.

ನಾವು ವಾಣಿಜ್ಯ ಶಾಸ್ತ್ರದ ಪಂಡಿತರಲ್ಲ. ಆದರೆ ಅಳೆಯುವ ಕೆಲಸದಲ್ಲಿಯೇ ತಲೆ ನರೆತವರು. ಬೇರೆ ಯಾವ ವೃತ್ತಿಯವರೂ ಅಧ್ಯಾಪಕರಷ್ಟು ಮನುಷ್ಯರಿಗೆ ಅಂಕ ಕೊಟ್ಟಿರಲಾರರು. ಅಧ್ಯಾಪಕರಷ್ಟು ತಪ್ಪು ಅಂಕ ಕೊಟ್ಟಿರಲೂ ಆರರು. ಆ ಅನುಭವದ ಬಲದಿಂದ ಕೆಲವು ಮಾತುಗಳನ್ನು ನಿಮ್ಮ ಮುಂದೆ ಇಡುತ್ತೇವೆ.

ಅಳತೆಯ ವಿಚಾರ ನಮ್ಮ ಕಾಸರಗೋಡಿನ ಮಣ್ಣಿಗೆ ಹೊಸದಲ್ಲ. ಗೇಣಿಯ ಕಾಲವನ್ನು ಕಂಡ ಹಿರಿಯರು ಈಗಲೂ ಒಂದು ಮಾತು ಹೇಳುವುದುಂಟು: ಗೇಣಿ ಅಳೆಯುವ ಸೇರು ದೊಡ್ಡದು, ಕೂಲಿ ಅಳೆಯುವ ಸೇರು ಸಣ್ಣದು. ಬೆಳೆದವನ ಬೆವರು ಒಂದೇ, ಭತ್ತವೂ ಒಂದೇ. ಆದರೆ ಸೇರು ಯಾರ ಮನೆಯದೆಂಬುದರ ಮೇಲೆ ಲೆಕ್ಕ ಬದಲಾಗುತ್ತಿತ್ತು. ನಮ್ಮ ಇಂದಿನ ವಿಷಯದ ತಿರುಳೂ ಈ ಮಾತಿನಲ್ಲಿದೆ. ಅಳತೆ ಬೇಕೇ ಬೇಡವೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಅಳತೆಯೇ ಇಲ್ಲದ ಕಡೆ ದಣಿಯ ಮುಖ ನೋಡಿ ನಗುವವನಿಗೆ ಬಡ್ತಿ, ತಲೆ ತಗ್ಗಿಸಿ ದುಡಿಯುವವನಿಗೆ ಮರೆವು. ಆದುದರಿಂದ ಅಳತೆ ಬೇಕು. ಆದರೆ ಆ ಸೇರನ್ನು ಯಾರು ಮಾಡಿದರು, ಅದರಲ್ಲಿ ಏನು ಹಿಡಿಯುತ್ತದೆ, ಏನು ಚೆಲ್ಲಿಹೋಗುತ್ತದೆ ಎಂಬುದನ್ನು ಕೇಳದೆ ಅಳೆಯಬಾರದು.

ನಮ್ಮ ಶಾಲೆಗೆ ಬರುವ ಮಕ್ಕಳಲ್ಲಿ ಬೀಡಿ ಕಟ್ಟುವ ತಾಯಂದಿರ ಮಕ್ಕಳು ಯಾವಾಗಲೂ ಇದ್ದರು. ಇಲ್ಲಿ ಕುಳಿತಿರುವ ನಿಮ್ಮಲ್ಲಿಯೂ ಹಲವರು ಆ ಮಕ್ಕಳೇ. ಬೀಡಿಯಿಂದ ಸೇದುವವನಿಗೂ ಕಟ್ಟುವವಳಿಗೂ ಆಗುವ ಹಾನಿ ಬೇರೆಯೇ ವಿಷಯ. ಇಂದು ನಾವು ನೋಡಬೇಕಾದುದು ಆ ಕೆಲಸದ ಅಳತೆಯನ್ನು. ಅಲ್ಲಿ ಅಳತೆಯ ಮೂಲಮಾನ ಸಾವಿರ ಬೀಡಿ. ಸಾವಿರಕ್ಕೆ ಇಷ್ಟು ಎಂಬುದು ಮಜೂರಿ. ಇದಕ್ಕಿಂತ ಸ್ಪಷ್ಟವಾದ ಅಳತೆ ಇನ್ನೊಂದಿಲ್ಲವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಕಂಟ್ರಾಕ್ಟುದಾರರು ತೂಗಿ ಕೊಟ್ಟ ಎಲೆಯಲ್ಲಿ ತೂತು ಬಿದ್ದ ಎಲೆ ಹೆಚ್ಚಿದ್ದರೆ ಸಾವಿರಕ್ಕೆ ಎಲೆ ಸಾಲದು. ಸಾಲದೆ ಬಂದುದನ್ನು ತಾಯಿಯೇ ಕೈಯಿಂದ ಹಣ ಕೊಟ್ಟು ಕೊಳ್ಳಬೇಕು. ಕಟ್ಟಿ ಒಯ್ದ ಬೀಡಿಗಳಲ್ಲಿ ಕೆಲವನ್ನು ಕಳಪೆಯೆಂದು ತೆಗೆದಿರಿಸಿದರೆ ಅದಕ್ಕೆ ಮಜೂರಿಯಿಲ್ಲ. ಇದಕ್ಕೆ ‘ಛಾಟ್’ ಎಂದು ಹೆಸರು. ಛಾಟಿನ ನೆಪದಲ್ಲಿ ಅನ್ಯಾಯ ಎಷ್ಟು ವ್ಯಾಪಕವಾಗಿತ್ತೆಂದರೆ, 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಬಂದಾಗ ಅದರ ಅಡಿಯಲ್ಲಿ ರಚಿತವಾದ ನಿಯಮಗಳಲ್ಲಿ ತಿರಸ್ಕಾರಕ್ಕೂ ಒಂದು ಮಿತಿಯನ್ನು ಹಾಕಬೇಕಾಯಿತು. ಸಾವಿರವೆಂಬ ಸಂಖ್ಯೆ ನೇರವಾಗಿಯೇ ಇತ್ತು. ಎಲೆಯ ಗುಣವೂ ತಿರಸ್ಕರಿಸುವ ಬೆರಳೂ ಮಾತ್ರ ಲೆಕ್ಕದ ಪುಸ್ತಕದ ಹೊರಗಿದ್ದವು.

ಈ ಅನುಭವವನ್ನು ಮನಸ್ಸಿನಲ್ಲಿಟ್ಟುಕೊಂಡು, ದುಡಿಮೆಯನ್ನು ಅಳೆಯುವ ಶಾಸ್ತ್ರ ಹೇಗೆ ಬೆಳೆಯಿತೆಂಬುದನ್ನು ಸ್ವಲ್ಪ ನೋಡೋಣ.

ಅಮೆರಿಕದ ಇಂಜಿನಿಯರ್ ಫ್ರೆಡರಿಕ್ ವಿನ್ಸ್ಲೋ ಟೇಲರ್ 1911ರಲ್ಲಿ ವೈಜ್ಞಾನಿಕ ನಿರ್ವಹಣೆಯ ತತ್ತ್ವಗಳನ್ನು ಕುರಿತ ಪುಸ್ತಕವನ್ನು ಪ್ರಕಟಿಸಿದ. ಕೈಯಲ್ಲಿ ಗಡಿಯಾರ ಹಿಡಿದು ಕಾರ್ಮಿಕನ ಒಂದೊಂದು ಚಲನೆಗೂ ಎಷ್ಟು ಕ್ಷಣ ಬೇಕೆಂದು ಲೆಕ್ಕ ಹಾಕುವುದು ಅವನ ಕ್ರಮ. ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣದ ಗಟ್ಟಿಗಳನ್ನು ಹೊತ್ತು ರೈಲು ಬಂಡಿಗೆ ತುಂಬುವ ಆಳು ದಿನಕ್ಕೆ ಹನ್ನೆರಡೂವರೆ ಟನ್ ಹೊರುತ್ತಿದ್ದನೆಂದೂ, ಯಾವಾಗ ಎತ್ತಬೇಕು, ಯಾವಾಗ ವಿಶ್ರಮಿಸಬೇಕು ಎಂದು ಹೇಳಿಕೊಟ್ಟ ಮೇಲೆ ನಲವತ್ತೇಳೂವರೆ ಟನ್ ಹೊತ್ತನೆಂದೂ ಟೇಲರ್ ಬರೆದಿದ್ದಾನೆ. ಕೂಲಿ 1 ಡಾಲರ್ 15 ಸೆಂಟಿನಿಂದ 1 ಡಾಲರ್ 85 ಸೆಂಟಿಗೆ ಏರಿತು. ಮಕ್ಕಳೇ ಲೆಕ್ಕ ಮಾಡಿ ಹೇಳಬಲ್ಲರು: ಕೆಲಸ ನಾಲ್ಕು ಪಾಲಿನ ಹತ್ತಿರ ಹೆಚ್ಚಿತು, ಕೂಲಿ ಎರಡು ಪಾಲೂ ಆಗಲಿಲ್ಲ. ಟೇಲರನ ಈ ವೃತ್ತಾಂತ ಎಷ್ಟು ನಿಜವೆಂದು ಮುಂದಿನ ಇತಿಹಾಸಕಾರರು ಸಂದೇಹಪಟ್ಟರು. ಅವನಿಗೆ ಸಲ್ಲಬೇಕಾದುದನ್ನೂ ಸಲ್ಲಿಸಬೇಕು. ಹಂಗಿನ, ಮುಲಾಜಿನ ಮಾತನ್ನು ಬಿಟ್ಟು ಕೆಲಸವನ್ನೇ ಕಣ್ಣಿಟ್ಟು ನೋಡಬೇಕೆಂದು ಕಲಿಸಿದವನು ಅವನು. ದಣಿದವನಿಗೆ ವಿಶ್ರಾಂತಿ ಕೊಟ್ಟರೆ ಕೆಲಸ ಹೆಚ್ಚುತ್ತದೆಂಬುದೂ ಅವನ ಗಡಿಯಾರ ಹೇಳಿದ ಸತ್ಯವೇ. ಆದರೆ ಹೊರುವವನು ತನ್ನ ಕೆಲಸದ ಬಗೆಗೆ ಏನನ್ನಾದರೂ ತಿಳಿದಿರಬಹುದು ಎಂಬುದನ್ನು ಅವನು ಒಪ್ಪಲಿಲ್ಲ. ಯೋಚನೆ ಕಚೇರಿಗೆ, ತೋಳು ಕಾರ್ಮಿಕನಿಗೆ ಎಂಬುದು ಅವನ ಹಂಚಿಕೆ.

ತೋಳಿನ ಜೊತೆಗೆ ತಲೆಯೂ ಇರುತ್ತದೆಂಬುದು ಚಿಕಾಗೋ ಸಮೀಪದ ಹಾಥಾರ್ನ್ ಕಾರ್ಖಾನೆಯಲ್ಲಿ ತಿಳಿದುಬಂತು. ದೂರವಾಣಿ ಉಪಕರಣಗಳನ್ನು ತಯಾರಿಸುತ್ತಿದ್ದ ಆ ಕಾರ್ಖಾನೆಯಲ್ಲಿ 1924ರಿಂದ ಕೆಲವು ವರ್ಷ ಪ್ರಯೋಗಗಳು ನಡೆದವು. ಅವುಗಳಲ್ಲಿ ಒಂದರಲ್ಲಿ ಹದಿನಾಲ್ಕು ಮಂದಿ ಕಾರ್ಮಿಕರನ್ನು ಒಂದು ಕೋಣೆಯಲ್ಲಿ ಕೂರಿಸಿ, ಅವರ ಕೆಲಸವನ್ನು ತಿಂಗಳುಗಟ್ಟಲೆ ಗಮನಿಸಲಾಯಿತು. ಹೆಚ್ಚು ಮಾಡಿದರೆ ಹೆಚ್ಚು ಹಣ ಎಂಬ ವ್ಯವಸ್ಥೆ ಅಲ್ಲಿತ್ತು. ಆದರೂ ಆ ಹದಿನಾಲ್ಕು ಮಂದಿ ದಿನಕ್ಕೆ ಇಷ್ಟೇ ಸಾಕೆಂದು ತಮ್ಮೊಳಗೆ ಒಂದು ಗೆರೆ ಎಳೆದುಕೊಂಡಿದ್ದರು. ಗೆರೆ ದಾಟಿದವನನ್ನು ಹಂಗಿಸುತ್ತಿದ್ದರು. ತೀರ ಕೆಳಗಿಳಿದವನನ್ನೂ ಹಂಗಿಸುತ್ತಿದ್ದರು. ಹೆಚ್ಚು ಮಾಡಿ ತೋರಿಸಿದರೆ ನಾಳೆ ಅದನ್ನೇ ಕನಿಷ್ಠವೆಂದು ನಿಗದಿಮಾಡಿ ದರವನ್ನು ಇಳಿಸುತ್ತಾರೆಂಬ ಭಯ ಅವರಿಗಿತ್ತು. ಇದನ್ನು ಸೋಮಾರಿತನವೆಂದು ಕರೆಯುವುದು ಸುಲಭ. ಆದರೆ ಅಳತೆಯನ್ನು ನಂಬದವರು ಅಳತೆಗೆ ತಮ್ಮ ನಿಜವಾದ ಶಕ್ತಿಯನ್ನು ಎಂದೂ ತೋರಿಸುವುದಿಲ್ಲ. ಪರೀಕ್ಷೆಗೆ ಹೆದರಿದ ಮಗು ತಿಳಿದ ಉತ್ತರವನ್ನೂ ನುಂಗಿಕೊಳ್ಳುವುದನ್ನು ನಾವು ದಿನವೂ ಕಾಣುತ್ತೇವೆ.

ಇನ್ನೊಬ್ಬ ಅಮೆರಿಕನ್ ಚಿಂತಕ, ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್. ಎರಡನೆಯ ಮಹಾಯುದ್ಧದ ಅನಂತರ ಜಪಾನಿನ ಉದ್ಯಮಗಳಿಗೆ ಗುಣಮಟ್ಟದ ಪಾಠ ಹೇಳಿದವರು. ಅವರು ತಮ್ಮ ತರಗತಿಗಳಲ್ಲಿ ಒಂದು ಮಣಿಯಾಟವನ್ನು ಆಡಿಸುತ್ತಿದ್ದರು. ಅದನ್ನು ನಾವು ನಮ್ಮ ಎಂಟನೆಯ ತರಗತಿಯಲ್ಲಿ ಆಡಿಸಿ ನೋಡಿದೆವು. ಒಂದು ಡಬ್ಬದಲ್ಲಿ ಬಿಳಿಯ ಮಣಿಗಳು. ಅವುಗಳ ನಡುವೆ, ಐದರಲ್ಲಿ ಒಂದರಷ್ಟು, ಕೆಂಪು ಮಂಜಾಡಿ ಕಾಳು. ಐವತ್ತು ಕುಳಿಗಳಿರುವ ಒಂದು ಹಲಗೆಯನ್ನು ಡಬ್ಬದೊಳಗೆ ಅದ್ದಿ ಎತ್ತಬೇಕು. ಬಿಳಿ ಬಂದರೆ ಒಳ್ಳೆಯ ಸರಕು, ಕೆಂಪು ಬಂದರೆ ಕಳಪೆ. ಆರು ಮಕ್ಕಳು ‘ಕಾರ್ಮಿಕ’ರಾದರು, ನಾವು ‘ಮೇಲಧಿಕಾರಿ’ಯಾದೆವು. ಮೊದಲ ಸುತ್ತಿನಲ್ಲಿ ಒಬ್ಬಳಿಗೆ ಆರು ಕೆಂಪು ಬಂತು. ಅವಳನ್ನು ಹೊಗಳಿ ಚಪ್ಪಾಳೆ ಹೊಡೆಸಿದೆವು. ಇನ್ನೊಬ್ಬನಿಗೆ ಹದಿನಾಲ್ಕು ಬಂತು. ಅವನಿಗೆ ಎಚ್ಚರಿಕೆ ಕೊಟ್ಟೆವು. ಎರಡನೆಯ ಸುತ್ತಿನಲ್ಲಿ ಹೊಗಳಿಸಿಕೊಂಡವಳಿಗೆ ಹನ್ನೊಂದು ಬಂತು, ಬೈಸಿಕೊಂಡವನಿಗೆ ಎಂಟು. ಬೈದುದರಿಂದ ಇವನು ಸುಧಾರಿಸಿದನೆಂದೂ, ಹೊಗಳಿದುದರಿಂದ ಅವಳು ಉಬ್ಬಿಹೋದಳೆಂದೂ ನಾವು ಗಂಭೀರವಾಗಿ ಹೇಳಿದೆವು. ಮೂರನೆಯ ಸುತ್ತಿನ ಹೊತ್ತಿಗೆ ಹಿಂದಿನ ಬೆಂಚಿನ ಒಂದು ಮಗು ಎದ್ದು ನಿಂತು ಕೇಳಿತು: “ಟೀಚರ್, ಡಬ್ಬದಲ್ಲಿಯೇ ಕೆಂಪು ಇದ್ದರೆ ನಾವು ಏನು ಮಾಡುವುದು?”

ಡೆಮಿಂಗ್ ಹೇಳಬೇಕೆಂದಿದ್ದುದೂ ಇಷ್ಟೇ. ಯಂತ್ರ ಹಳೆಯದು, ಎಲೆ ತೂತಿನದು, ಸೂಚನೆ ಅಸ್ಪಷ್ಟ, ಸಾಮಗ್ರಿ ತಡವಾಗಿ ಬಂತು; ಇವೆಲ್ಲ ಡಬ್ಬದೊಳಗಿನ ಕೆಂಪು ಮಣಿಗಳು. ಅವುಗಳನ್ನು ಡಬ್ಬದಿಂದ ತೆಗೆಯಬಲ್ಲವನು ಮೇಲಧಿಕಾರಿಯೇ ಹೊರತು ಹಲಗೆ ಹಿಡಿದವನಲ್ಲ. ನೌಕರನೊಬ್ಬನ ಹೆಸರಿನ ಮುಂದೆ ಅಂಕ ಬರೆಯುವ ಮೊದಲು ಡಬ್ಬವನ್ನು ಒಮ್ಮೆ ತೆರೆದು ನೋಡಬೇಕು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳದೆ ಮುಂದೆ ಹೋಗುವುದು ಉಚಿತವಾಗದು. ಮುಖ್ಯೋಪಾಧ್ಯಾಯಿನಿಯ ಹೊಣೆ ಹೊತ್ತ ಮೊದಲ ವರ್ಷಗಳಲ್ಲಿ ನಮಗೂ ಅಂಕಿಗಳ ಮೇಲೆ ಅಪಾರ ನಂಬಿಕೆಯಿತ್ತು. ಅರ್ಧವಾರ್ಷಿಕ ಪರೀಕ್ಷೆ ಮುಗಿದೊಡನೆ ಯಾವ ಅಧ್ಯಾಪಕರ ವಿಷಯದಲ್ಲಿ, ಯಾವ ವಿಭಾಗದಲ್ಲಿ ಎಷ್ಟು ಮಕ್ಕಳು ಎಷ್ಟು ಅಂಕ ಪಡೆದರೆಂಬ ಪಟ್ಟಿಯನ್ನು ತಯಾರಿಸಿ ಅಧ್ಯಾಪಕರ ಕೊಠಡಿಯ ಗೋಡೆಗೆ ಅಂಟಿಸಿದೆವು. ಎಲ್ಲರಿಗೂ ಹುರುಪು ಬರಲೆಂಬುದು ಉದ್ದೇಶ. ಪಟ್ಟಿಯ ಕಟ್ಟಕಡೆಗೆ ಬಂದವರು, ಓದಿನಲ್ಲಿ ಹಿಂದುಳಿದ ಮಕ್ಕಳನ್ನು ತಾವಾಗಿಯೇ ಕೇಳಿ ತೆಗೆದುಕೊಂಡು, ಸಂಜೆ ಗಂಟೆ ಹೊಡೆದ ಮೇಲೂ ಅವರೊಡನೆ ಕುಳಿತಿರುತ್ತಿದ್ದ ಒಬ್ಬ ಅಧ್ಯಾಪಕಿ. ಅಕ್ಷರ ಕೂಡಿಸಲು ಬಾರದಿದ್ದ ಮಕ್ಕಳು ಅವರ ಕೈಯಲ್ಲಿ ಓದತೊಡಗಿದ್ದರು. ಆದರೆ ಉತ್ತೀರ್ಣರಾಗುವಷ್ಟು ಅಂಕ ಇನ್ನೂ ಬಂದಿರಲಿಲ್ಲ. ನಮ್ಮ ಪಟ್ಟಿಗೆ ಅವರು ಎಲ್ಲಿಂದ ಹೊರಟರೆಂಬುದು ತಿಳಿಯದು. ಎಲ್ಲಿ ನಿಂತಿದ್ದಾರೆಂಬುದು ಮಾತ್ರ ತಿಳಿದಿತ್ತು. ಅವರು ಏನನ್ನೂ ಹೇಳಲಿಲ್ಲ. ಮರುವರ್ಷ ತರಗತಿ ಹಂಚುವ ಸಭೆಯಲ್ಲಿ ಆ ವಿಭಾಗವನ್ನು ತೆಗೆದುಕೊಳ್ಳಲು ಯಾರೂ ಮುಂದೆ ಬರಲಿಲ್ಲ; ಅವರೂ ಬರಲಿಲ್ಲ. ಆ ದಿನ ಗೋಡೆಯ ಪಟ್ಟಿಯನ್ನು ಕಿತ್ತು ತೆಗೆದೆವು. ಆದರೆ ಆ ಒಂದು ವರ್ಷ ಆ ಮಕ್ಕಳಿಗೆ ಆದ ನಷ್ಟವನ್ನು ತುಂಬಲು ನಮ್ಮಿಂದಾಗಲಿಲ್ಲ.

ನಾವು ಮಾಡಿದ ಈ ತಪ್ಪನ್ನು ಇಂಗ್ಲೆಂಡ್ ದೇಶವೇ ಒಂದು ಕಾಲದಲ್ಲಿ ಮಾಡಿತ್ತೆಂದು ಅನಂತರ ಓದಿ ತಿಳಿದೆವು. 1862ರಲ್ಲಿ ರಾಬರ್ಟ್ ಲೋ ಎಂಬ ರಾಜಕಾರಣಿಯ ನೇತೃತ್ವದಲ್ಲಿ ಅಲ್ಲಿ ‘ಫಲಿತಾಂಶಕ್ಕೆ ತಕ್ಕ ಸಂದಾಯ’ ಎಂಬ ಪದ್ಧತಿ ಜಾರಿಗೆ ಬಂತು. ಇನ್‌ಸ್ಪೆಕ್ಟರು ಬಂದು ಓದು, ಬರಹ, ಲೆಕ್ಕಗಳಲ್ಲಿ ಮಕ್ಕಳನ್ನು ಪರೀಕ್ಷಿಸುತ್ತಿದ್ದರು. ತೇರ್ಗಡೆಯಾದವರ ಸಂಖ್ಯೆಗೂ ಹಾಜರಿಗೂ ತಕ್ಕಂತೆ ಶಾಲೆಗೆ ಅನುದಾನ. ಫಲವಾಗಿ ಪಾಠಗಳು ಆ ಮೂರಕ್ಕೆ ಕುಗ್ಗಿದವು. ಮಕ್ಕಳು ಪುಸ್ತಕವನ್ನು ಬಾಯಿಪಾಠ ಮಾಡಿ ಓದಿದಂತೆ ಒಪ್ಪಿಸತೊಡಗಿದರು. ಕವಿಯೂ ಶಾಲಾ ಇನ್‌ಸ್ಪೆಕ್ಟರೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡ್ ಇದನ್ನು ಬಲವಾಗಿ ವಿರೋಧಿಸಿದರು. ಆ ಪದ್ಧತಿ ಕೊನೆಗೊಳ್ಳಲು ಮೂವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಒಂದು ಅಳತೆಯೇ ಗುರಿಯಾಗಿಬಿಟ್ಟರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲವೆಂಬ ಈ ತಿಳಿವಳಿಕೆಯನ್ನು ಇಂದು ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿನಿಂದ ಕರೆಯುತ್ತಾರೆ.

ದೊಡ್ಡ ಕಂಪೆನಿಗಳೂ ಇದೇ ಹಳ್ಳಕ್ಕೆ ಬಿದ್ದಿವೆ. ಜನರಲ್ ಎಲೆಕ್ಟ್ರಿಕ್ ಕಂಪೆನಿಯನ್ನು 1981ರಿಂದ 2001ರ ವರೆಗೆ ಮುನ್ನಡೆಸಿದ ಜಾಕ್ ವೆಲ್ಚ್ ನೌಕರರನ್ನು ಮೂರು ಪಾಲು ಮಾಡುವ ಕ್ರಮವನ್ನು ಪ್ರಸಿದ್ಧಗೊಳಿಸಿದರು: ಮೇಲಿನ ಶೇಕಡಾ 20ಕ್ಕೆ ಬಹುಮಾನ, ನಡುವಿನ 70ಕ್ಕೆ ಉತ್ತೇಜನ, ಕೆಳಗಿನ 10ಕ್ಕೆ ಹೊರದಾರಿ. ಇದನ್ನು ಅನೇಕ ಸಂಸ್ಥೆಗಳು ಅನುಕರಿಸಿದವು. ತರಗತಿಯ ಎಲ್ಲ ಮಕ್ಕಳೂ ಚೆನ್ನಾಗಿ ಓದಿದ ವರ್ಷ ನೂರರಲ್ಲಿ ಹತ್ತು ಮಂದಿಯನ್ನು ಅನುತ್ತೀರ್ಣಗೊಳಿಸಲೇಬೇಕೆಂದರೆ ಹೇಗೋ, ಇದೂ ಹಾಗೆಯೇ. ಪಕ್ಕದವನು ಸೋತರೆ ಮಾತ್ರ ತಾನು ಉಳಿಯುವೆನೆಂದಾದ ಮೇಲೆ ಪಕ್ಕದವನಿಗೆ ಯಾರು ಕಲಿಸಿಕೊಡುತ್ತಾರೆ? ಮೈಕ್ರೋಸಾಫ್ಟ್ ಸಂಸ್ಥೆ ಇಂಥ ಶ್ರೇಣೀಕರಣವನ್ನು 2013ರ ನವೆಂಬರಿನಲ್ಲಿ ಕೈಬಿಟ್ಟಿತು.

ಇದಕ್ಕಿಂತ ಕಠೋರವಾದ ಪಾಠ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನದು. ಒಬ್ಬೊಬ್ಬ ಗ್ರಾಹಕನಿಗೂ ಎಂಟು ಬಗೆಯ ಖಾತೆ, ಕಾರ್ಡುಗಳನ್ನು ಮಾರಬೇಕೆಂಬ ಗುರಿ ಅಲ್ಲಿತ್ತು. ಗುರಿ ಮುಟ್ಟದವರಿಗೆ ಉಳಿಗಾಲವಿಲ್ಲದ ಒತ್ತಡ. ನೌಕರರು ಗ್ರಾಹಕರ ಗಮನಕ್ಕೆ ತಾರದೆಯೇ ಅವರ ಹೆಸರಿನಲ್ಲಿ ಖಾತೆಗಳನ್ನು ತೆರೆದರು. 2016ರಲ್ಲಿ ಸಂಗತಿ ಬಯಲಿಗೆ ಬಂದಾಗ ಅಂಥ ಖಾತೆಗಳು ಸುಮಾರು 20 ಲಕ್ಷವಿರಬಹುದೆಂದು ಅಂದಾಜಾಯಿತು, ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಸುಮಾರು 5,300 ನೌಕರರು ಕೆಲಸ ಕಳೆದುಕೊಂಡಿದ್ದರು. ಅಂಕಿಪಟ್ಟಿಯಲ್ಲಿ ಅವರೆಲ್ಲ ದಕ್ಷರೆಂದೇ ಕಾಣುತ್ತಿದ್ದರು. ಶಾಲೆಯಲ್ಲಿ ಮಗು ನಕಲು ಮಾಡಿದರೆ ನಾವು ಮಗುವನ್ನು ಗದರಿಸುತ್ತೇವೆ. ನಕಲು ಮಾಡದೆ ಗತಿಯಿಲ್ಲವೆಂಬ ಸ್ಥಿತಿಗೆ ಅದನ್ನು ತಂದವರು ಯಾರೆಂದು ಕೇಳುವುದಿಲ್ಲ.

ಹಾಗಾದರೆ ಒಳ್ಳೆಯ ಅಳತೆಯ ಉದಾಹರಣೆಯೇ ಇಲ್ಲವೇ? ಇದೆ, ಅದಕ್ಕಾಗಿ ಕಡಲು ದಾಟಬೇಕಾಗಿಲ್ಲ. 1953ರಲ್ಲಿ ಅಹಮದಾಬಾದಿನ ಕ್ಯಾಲಿಕೋ ಗಿರಣಿಯಲ್ಲಿ, ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಒಂದು ಪ್ರಯೋಗಕ್ಕೆ ನೆರವಾದರು. ಹೊಸ ಸ್ವಯಂಚಾಲಿತ ಮಗ್ಗಗಳು ಬಂದಿದ್ದರೂ ಉತ್ಪಾದನೆ ಏರಿರಲಿಲ್ಲ. ಬಟ್ಟೆ ಕೆಡುವುದೂ ತಪ್ಪಿರಲಿಲ್ಲ. ಕೆಲಸವನ್ನು ತುಂಡುತುಂಡಾಗಿ ಹಂಚಿದ್ದರಿಂದ ಯಾರೂ ಯಾವ ಮಗ್ಗಕ್ಕೂ ಪೂರ್ತಿ ಹೊಣೆಯಾಗಿರಲಿಲ್ಲ. ಒಂದಿಷ್ಟು ಮಗ್ಗಗಳನ್ನು ಒಂದು ಸಣ್ಣ ಗುಂಪಿಗೆ ಒಪ್ಪಿಸುವ ಸಲಹೆ ಬಂದಾಗ ನೇಕಾರರೇ ಅದನ್ನು ತಮ್ಮದಾಗಿಸಿಕೊಂಡು ಗುಂಪುಗಳನ್ನು ರಚಿಸಿಕೊಂಡರು. ಆರಂಭದ ತೊಡಕುಗಳು ಕಳೆದ ಮೇಲೆ ಉತ್ಪಾದನೆ ಏರಿತು, ಕೆಟ್ಟ ಬಟ್ಟೆ ಇಳಿಯಿತು. ಮಗ್ಗಗಳೂ ನೇಕಾರರೂ ಅವರೇ ಆಗಿದ್ದರು. ಒಬ್ಬೊಬ್ಬನ ಬೆನ್ನ ಹಿಂದೆ ನಿಲ್ಲುವುದನ್ನು ಬಿಟ್ಟು ಇಡೀ ಗುಂಪಿನ ಕೆಲಸವನ್ನು ನೋಡುವ ಕ್ರಮ ಮಾತ್ರ ಹೊಸದು.

ಇನ್ನೊಂದು ಉದಾಹರಣೆ ನಮ್ಮ ನೆರೆಮನೆಯದೇ. 1966ರ ಕಾಯಿದೆಯನ್ನು ಜಾರಿಗೊಳಿಸಬೇಕಾಗಿ ಬಂದಾಗ ಖಾಸಗಿ ಬೀಡಿ ಮಾಲಿಕರು ಇತ್ತ ಕಡೆಯ ಕೆಲಸವನ್ನು ನಿಲ್ಲಿಸಿದರು. ಕೆಲಸ ಕಳೆದುಕೊಂಡ ಸಾವಿರಾರು ಮಂದಿಗಾಗಿ 1969ರಲ್ಲಿ ಕಣ್ಣೂರಿನಲ್ಲಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಅಲ್ಲಿಯೂ ಎಣಿಕೆ ಇತ್ತು, ಗುಣಮಟ್ಟದ ಪರಿಶೀಲನೆಯೂ ಇತ್ತು. ಆದರೆ ಎಣಿಸುವ ಸಂಘ ಕಟ್ಟುವವರದೇ ಆಗಿತ್ತು. ಈ ಸೀಮೆಯ ಬೀಡಿ ಕೆಲಸದ ಮನೆಗಳಲ್ಲಿ ಅದಕ್ಕೂ ಮೊದಲೇ ಒಂದು ಪದ್ಧತಿ ಬೆಳೆದುಬಂದಿತ್ತು. ಎಲ್ಲರೂ ಬೀಡಿ ಕಟ್ಟುತ್ತಿರುವಾಗ ಅವರಲ್ಲೊಬ್ಬನು ಎದ್ದು ಪತ್ರಿಕೆಯನ್ನೋ ಪುಸ್ತಕವನ್ನೋ ಗಟ್ಟಿಯಾಗಿ ಓದುವುದು. ಓದುವಷ್ಟು ಹೊತ್ತು ಅವನು ಒಂದು ಬೀಡಿಯನ್ನೂ ಕಟ್ಟುವುದಿಲ್ಲ. ಸಾವಿರದ ಲೆಕ್ಕದಲ್ಲಿ ಅವನ ದುಡಿಮೆ ಸೊನ್ನೆ. ಆದರೆ ಉಳಿದವರು ತಾವು ಕಟ್ಟಿದ ಬೀಡಿಯಲ್ಲಿ ಸ್ವಲ್ಪ ಸ್ವಲ್ಪ ಅವನ ಪಾಲಿಗೆ ಹಾಕಿ ಅವನ ಕೂಲಿಯನ್ನು ತುಂಬಿಕೊಡುತ್ತಿದ್ದರು. ಶಾಲೆಯ ಮೆಟ್ಟಿಲನ್ನೇ ಹತ್ತದ ಅನೇಕರು ಹಾಗೆ ಕೇಳಿಕೇಳಿಯೇ ಲೋಕವನ್ನು ತಿಳಿದರು. ಯಾವ ಮೇಲಧಿಕಾರಿಯ ಪಟ್ಟಿಗೂ ಕಾಣಿಸದ ಆ ದುಡಿಮೆಯ ಬೆಲೆ ಜೊತೆಗೆ ಕುಳಿತವರಿಗೆ ತಿಳಿದಿತ್ತು.

ನಿಮ್ಮ ಕಚೇರಿಗಳಲ್ಲಿಯೂ ಅಂಥ ಓದುಗರು ಇರುತ್ತಾರೆ. ಹೊಸಬರಿಗೆ ಕೆಲಸ ಹೇಳಿಕೊಡುವವರು, ಇಬ್ಬರ ಜಗಳವನ್ನು ಬಿಡಿಸುವವರು, ಬರಲಿರುವ ತೊಡಕನ್ನು ಮುಂಚಿತವಾಗಿ ಕಂಡು ತಡೆಯುವವರು. ತಡೆದ ತೊಡಕು ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಅದು ಆಗಲೇ ಇಲ್ಲ.

ಇಷ್ಟನ್ನು ಕಂಡ ಮೇಲೆ, ಇನ್ನೊಬ್ಬರ ದುಡಿಮೆಗೆ ಅಂಕ ಕೊಡುವ ಸ್ಥಾನದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಕೆಲವು ಸೂಚನೆಗಳನ್ನು ಕೊಡಬಯಸುತ್ತೇವೆ. ಮೊದಲನೆಯದಾಗಿ, ಯಾವುದನ್ನು ಅಳೆಯುತ್ತೇವೆಂಬುದನ್ನು ವರ್ಷದ ಆರಂಭದಲ್ಲಿಯೇ, ದುಡಿಯುವವರೊಡನೆ ಕುಳಿತು, ಅವರ ಮಾತನ್ನೂ ಕೇಳಿ ನಿರ್ಧರಿಸಿರಿ. ಪಾಠ ಮುಗಿದ ಮೇಲೆ ಪಠ್ಯವನ್ನು ಬದಲಾಯಿಸಬೇಡಿರಿ. ಎರಡನೆಯದಾಗಿ, ಒಂದೇ ಅಂಕಿಯನ್ನು ನಂಬಬೇಡಿರಿ. ಪ್ರಮಾಣದ ಪಕ್ಕದಲ್ಲಿ ಗುಣವಿರಲಿ, ಇಂದಿನ ಫಲದ ಪಕ್ಕದಲ್ಲಿ ನಾಳೆಗಾಗಿ ಮಾಡಿದ ಕೆಲಸವಿರಲಿ. ಸಂಖ್ಯೆಗೆ ಸಿಗದುದನ್ನು ಜೊತೆಗೆ ದುಡಿಯುವವರನ್ನೂ ಸೇವೆ ಪಡೆಯುವವರನ್ನೂ ಕೇಳಿ ತಿಳಿಯಿರಿ. ಮೂರನೆಯದಾಗಿ, ವ್ಯಕ್ತಿಯನ್ನು ಅಳೆಯುವ ಮೊದಲು ಅವನಿಗೆ ಕೊಟ್ಟ ಸಾಧನ, ಸಮಯ, ತರಬೇತಿಗಳನ್ನು ಅಳೆಯಿರಿ. ಅವನು ಎಲ್ಲಿಂದ ಹೊರಟನೆಂಬುದನ್ನೂ ಬರೆದಿಡಿರಿ. ನಾಲ್ಕನೆಯದಾಗಿ, ತಪ್ಪನ್ನು ಕಂಡ ದಿನವೇ ಹೇಳಿರಿ. ಜೂನಿನಲ್ಲಿ ಮಾಡಿದ ಕಾಗುಣಿತದ ತಪ್ಪನ್ನು ಮಾರ್ಚಿನಲ್ಲಿ ತಿದ್ದುವ ಅಧ್ಯಾಪಕರು ಯಾರಿಗೂ ಬೇಡ. ಕೊನೆಯದಾಗಿ, ಕೊಟ್ಟ ಅಂಕವನ್ನು ಪ್ರಶ್ನಿಸುವ ಬಾಗಿಲು ತೆರೆದಿರಲಿ. ಉತ್ತರಪತ್ರಿಕೆಯ ಮರುಮೌಲ್ಯಮಾಪನಕ್ಕೆ ಮಕ್ಕಳಿಗೆ ಅವಕಾಶವಿರುವಾಗ, ಮನೆಮಂದಿಯನ್ನು ಸಾಕುವ ದುಡಿಮೆಗಾರನಿಗೆ ಅದು ಇಲ್ಲದಿರಬಾರದು.

ಈ ವಿಷಯ ನಮಗೆ ಇಷ್ಟು ಹತ್ತಿರವಾದುದಕ್ಕೆ ಇನ್ನೊಂದು ಕಾರಣವಿದೆ. ಪ್ರತಿವರ್ಷ ಜೂನ್ ತಿಂಗಳಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಕೇರಳದ ಶಾಲೆಗಳಲ್ಲಿ ಮಕ್ಕಳ ತಲೆಯೆಣಿಕೆ ನಡೆಯುತ್ತದೆ. ಆ ಸಂಖ್ಯೆಯ ಮೇಲೆ ವಿಭಾಗಗಳು, ವಿಭಾಗಗಳ ಮೇಲೆ ಅಧ್ಯಾಪಕರ ಹುದ್ದೆಗಳು ನಿರ್ಧಾರವಾಗುತ್ತವೆ. ಕನ್ನಡ ಮಾಧ್ಯಮಕ್ಕೆ ಬರುವ ಮಕ್ಕಳು ಕಡಿಮೆಯಾಗುತ್ತಿರುವ ಈ ಕಾಲದಲ್ಲಿ ಆ ದಿನದ ಬೆಳಗು ನಮಗೆ ಪರೀಕ್ಷೆಯ ಬೆಳಗು. ನಾಲ್ಕು ಮಕ್ಕಳು ಕಡಿಮೆಯಾದರೆ ಇಪ್ಪತ್ತು ವರ್ಷ ಕಲಿಸಿದ ಅಧ್ಯಾಪಕರು ಬೇರೆ ಶಾಲೆಗೆ ಹೋಗಬೇಕಾದೀತು. ಸಂಖ್ಯೆ ಒಂದು ಗೆರೆಯ ಕೆಳಗಿಳಿದರೆ ಶಾಲೆಗೆ ‘ಲಾಭಕರವಲ್ಲದ ಶಾಲೆ’ ಎಂಬ ಹೆಸರು ಬೀಳುತ್ತದೆ. ಸರಕಾರದ ಹಣ ಖರ್ಚಾಗುವಲ್ಲಿ ಎಣಿಕೆ ಬೇಡವೆಂದು ನಾವು ಹೇಳಲಾರೆವು, ಎಣಿಕೆ ನ್ಯಾಯವೇ. ಆದರೆ ಆ ಎಣಿಕೆಯ ಪುಸ್ತಕದಲ್ಲಿ ಇನ್ನು ಕೆಲವು ಸಂಗತಿಗಳಿಗೂ ಒಂದು ಸಾಲು ಬೇಕು. ಮನೆಯಲ್ಲಿ ತುಳು, ಬ್ಯಾರಿ, ಮರಾಠಿ, ಕೊಂಕಣಿ, ಮಲೆಯಾಳ ಆಡುವ ಮಕ್ಕಳು ಇಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಕನ್ನಡದಲ್ಲಿ ಲೆಕ್ಕ ಮಾಡಿದ್ದು ಯಾವ ಸಾಲಿನಲ್ಲಿದೆ? ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳಂಥವರು ಈ ಗಡಿನಾಡಿನಲ್ಲಿ ಉರಿಸಿಟ್ಟ ನುಡಿಯ ದೀಪವನ್ನು ಯಾವ ಜೂನ್ ತಿಂಗಳ ತಲೆಯೆಣಿಕೆ ಹಿಡಿದೀತು?

ಮೊನ್ನೆಯ ಆರನೆಯ ದಿನದಂದು ಎಣಿಕೆ ಮುಗಿದು, ಹಾಜರಿ ಪುಸ್ತಕಗಳನ್ನು ಕಪಾಟಿನಲ್ಲಿಟ್ಟು ಹೊರಗೆ ಬಂದಾಗ, ಜಗಲಿಯಲ್ಲಿ ಮೂರನೆಯ ತರಗತಿಯ ಹುಡುಗಿಯೊಬ್ಬಳು ಒಂದನೆಯ ತರಗತಿಯ ಹೊಸ ಮಗುವಿನ ಕೈಹಿಡಿದು ಸ್ಲೇಟಿನ ಮೇಲೆ ‘ಅ’ ತಿದ್ದಿಸುತ್ತಿದ್ದಳು. ಯಾರೂ ಅವಳಿಗೆ ಹೇಳಿರಲಿಲ್ಲ. ಅವಳ ತಾಯಿಯೂ ಇದೇ ಜಗಲಿಯಲ್ಲಿ ಅಕ್ಷರ ತಿದ್ದಿದವಳು. ಈಗ ಮನೆಯಲ್ಲಿ ಬೀಡಿ ಕಟ್ಟುತ್ತಾಳೆ. ಆ ಹುಡುಗಿಯ ಹೆಸರನ್ನು ನಾವು ಆ ದಿನದ ಎಣಿಕೆಯಲ್ಲಿ ಒಂದೆಂದು ಬರೆದಿದ್ದೆವು.

ನಾಳೆ ನೀವು ನಿಮ್ಮ ನಿಮ್ಮ ಊರುಗಳಿಗೆ, ಕಚೇರಿಗಳಿಗೆ ಮರಳುವಿರಿ. ನಿಮ್ಮ ಮೇಜಿನ ಮೇಲೆ ಯಾರದೋ ವರ್ಷದ ದುಡಿಮೆ ಒಂದು ಹಾಳೆಯಾಗಿ ಬಂದು ಬೀಳುತ್ತದೆ. ಅಂಕ ಬರೆಯುವ ಮೊದಲು ಅವರನ್ನು ಒಮ್ಮೆ ಕರೆದು, ಈ ವರ್ಷ ನೀವು ಮಾಡಿದ ಯಾವ ಕೆಲಸ ಈ ಹಾಳೆಯಲ್ಲಿಲ್ಲ ಎಂದು ಕೇಳಿರಿ. ನಿಮ್ಮ ಶಾಲೆ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟನ್ನೇ.